ಮೊಳೆಹಿಪ್ಪೆಯ ಕ್ಯಾಮೆರಾ

"ಕೀಳ್ಬ್ಯಾಡ ಕಣಪ್ಪ! ಇನ್ನೂ ಒಂದೂ ಕಿತ್ತಿಲ್ಲ ನೀನು. ಸುತ್ತಿಗೆ ಎತ್ಕಂಡು ಸುಮ್ಕೆ ಮನೆಗ್ ನಡಿ."

ನಾಲೆ ಏರಿಯ ಮೇಲೆ ನಿಂತು ಹುಚ್ಚೀರಯ್ಯ ಕೂಗಿದ. ಮೂವತ್ತು ವರ್ಷ ಕೊಪ್ಪದ ಗದ್ದೆಗಳಿಗೆ ತೂಬೆತ್ತಿ ನೀರು ಬಿಟ್ಟ ನೀರುಗಂಟಿ ಅವನು. ನೀರಿನ ಜಗಳಗಳ ನಡುವೆ ನಿಂತು ಕೂಗಿ ಕೂಗಿ ಅವನ ಗಂಟಲು ಎರಡು ಹೊಲದಾಚೆಗೂ ಮುಟ್ಟುತ್ತಿತ್ತು. ಹತ್ತೇ ಮಾರು ದೂರದಲ್ಲಿ ನಿಂತವನಿಗೆ ಕೇಳಿಸದೇ ಇರುತ್ತದೆಯೇ? ಕೇಳಿಸಿತು. ಕೇಳಬೇಕಲ್ಲ!

ಕೇಳದವನು ರಘುನಂದನ್. ಮೈಸೂರಿನವನು, ಮಲ್ಲಿಗಮ್ಮನ ಅಳಿಯ, ಮದ್ದೂರಿನ ಒಂದು ಸ್ಟುಡಿಯೋದಲ್ಲಿ ಮದುವೆ ಫೋಟೊ ತೆಗೆಯುವವನು. ದಿನಕ್ಕೆ ಎರಡು ಸಾವಿರ ಫೋಟೊ ಹೊಡೆದು, ಡ್ರೋನ್ ಹಾರಿಸಿ, ಅದರಲ್ಲಿ ಒಂದನ್ನೂ ತಾನು ತೆಗೆದೆ ಅನ್ನಿಸದೆ ಅವನು ರೋಸಿಹೋಗಿದ್ದ. ಹಿಂದಿನ ಕಾಲದ ಸ್ಟುಡಿಯೋಗಳಲ್ಲಿ ಮೂರು ಕಾಲಿನ ಮೇಲೆ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ತೆಗೆಯುತ್ತಿದ್ದರಲ್ಲ, ಅಂಥ ಮರದ ದೊಡ್ಡ ಕ್ಯಾಮೆರಾವನ್ನು ಮನೆಯಲ್ಲೇ ಕೈಯಾರೆ ಮಾಡಬೇಕೆಂಬ ಹಟ ಹಿಡಿದಿತ್ತು. ಹೆಂಡತಿ ನಯನ ಐದು ತಿಂಗಳ ಬಸುರಿ. ಏಳನೇ ತಿಂಗಳ ಸೀಮಂತದ ದಿನ ಆ ಕ್ಯಾಮೆರಾದಲ್ಲಿ ಮೊದಲ ಫೋಟೊ ಅವಳದೇ ಆಗಬೇಕು. ಆಸೆಯಲ್ಲಿ ತಪ್ಪೇನಿರಲಿಲ್ಲ. ತಪ್ಪಿದ್ದದ್ದು ಅವನು ಆರಿಸಿಕೊಂಡ ಮರದಲ್ಲಿ.

ನಾಲೆಯ ಪಕ್ಕ ಆ ಹಿಪ್ಪೆ ಮರ ಬಿದ್ದು ವರ್ಷವಾಗಿತ್ತು. ರಸ್ತೆ ಅಗಲ ಮಾಡುವಾಗ ಉರುಳಿಸಿದ್ದು. ಇಬ್ಬರು ಕೈ ಚಾಚಿ ತಬ್ಬಿದರೂ ಸಾಲದ ದಪ್ಪ. ಆಲೆಮನೆ ಒಲೆಗೆ ಬೇಲಿಗೂಟವನ್ನೂ ಬಿಡದೆ ಎತ್ತಿಕೊಂಡು ಹೋಗುವ ಜನ ಈ ಕಾಂಡದಿಂದ ಒಂದು ಚಕ್ಕೆಯನ್ನೂ ಎಬ್ಬಿಸಿರಲಿಲ್ಲ. ಬುದ್ಧಿ ಇದ್ದವನಿಗೆ ಅಷ್ಟೇ ಸಾಕಿತ್ತು. ಅದರ ಮೈ ತುಂಬ ಮೊಳೆ. ತುಕ್ಕು ಹಿಡಿದದ್ದು, ತೊಗಟೆಯೊಳಗೆ ಹೂತುಹೋದದ್ದು, ತಲೆ ಮಾತ್ರ ಕಾಣುವಂಥದ್ದು. ಊರಲ್ಲಿ ಅದಕ್ಕೆ ಮೊಳೆಹಿಪ್ಪೆ ಅಂತಲೇ ಹೆಸರು.

"ಏನ್ ತಾತ, ಮಾಟದ ಮರಾನಾ ಇದು?" ಎಂದು ನಕ್ಕ ರಘು.

"ಮಾಟಕ್ಕಿಂತ ಜಾಸ್ತಿದು. ಕೊಂದಾಕ್ಬುಡೋವಂಥ ಸಿಟ್ಟು ಬತ್ತದಲ್ಲ, ಆಗ ಜನ ಇಲ್ಲಿಗ್ ಬರೋರು. ಆ ವೈರಿ ಎಸ್ರು ಏಳಿ ಒಂದ್ ಮೊಳೆ ಒಡ್ದು, ಇಂದಕ್ಕೆ ತಿರುಗ್ ನೋಡ್ದಂಗೆ ಓಗ್ಬುಡೋರು. ಸಿಟ್ಟ ಮರ ಮಡಿಕತಿತ್ತು. ಯಾರೆಸ್ರಿಗ್ ಒಡ್ದೆ ಅಂತ ಯಾರ್ಗೂ ಏಳಂಗಿಲ್ಲ, ಏಳುದ್ರೆ ಮೊಳೆ ಸಡ್ಲ ಆಯ್ತದೆ."

"ಕಿತ್ತರೆ?"

ಹುಚ್ಚೀರಯ್ಯ ಟವಲ್ಲನ್ನು ಹೆಗಲಿಗೆ ಎಸೆದುಕೊಂಡು, "ನಿಮ್ಮತ್ತೆನ ಒಂದ್ ಮಾತು ಕೇಳ್ಕಂಡು ಬಾ ಓಗು" ಅಂದು ಏರಿಯಿಂದ ಇಳಿದುಹೋದ.

ಸರಿ, ಅಂದು ರಾತ್ರಿ ಊಟದ ಹೊತ್ತಿಗೆ ರಘು ಮಲ್ಲಿಗಮ್ಮನನ್ನು ತಮಾಷೆಗೆಂದು ಕೇಳಿದ. ಇಲ್ಲಿ ಮಲ್ಲಿಗಮ್ಮನ ವಿಷಯ ಒಂದಿಷ್ಟು ಹೇಳಬೇಕು. ಮೂರು ವರ್ಷದ ಹಿಂದೆ ನಯನ ಯಾರಿಗೂ ಹೇಳದೆ ಈ ರಘುವಿನ ಜತೆ ಹೋಗಿ ರಿಜಿಸ್ಟರ್ ಮದುವೆಯಾದಳು. ಏಳನೇ ದಿನಕ್ಕೆ ಅವಳಪ್ಪ ಹೊನ್ನಯ್ಯ, ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತವನು ಕೂತಂತೆಯೇ ಎದೆ ಹಿಡಿದುಕೊಂಡು ಸತ್ತ. ಮಲ್ಲಿಗಮ್ಮ ಮಚ್ಚು ಹಿಡಿದು ಮೈಸೂರಿನ ಬಸ್ಸು ಹತ್ತುತ್ತಾಳೆ ಎಂದೇ ಊರೆಲ್ಲ ಅಂದುಕೊಂಡಿತ್ತು. ತಿಥಿ ಮುಗಿದ ಮಾರನೇ ದಿನ ಅವಳು ಬಸ್ಸು ಹತ್ತಿದ್ದೂ ನಿಜ. ಆದರೆ ಹೋದವಳು ಬರಿಗೈಲಿ ಹೋಗಿ, ಬಾಗಿಲಲ್ಲಿ ನಿಂತು, "ನಡೀರಿ ಮನೆಗೆ" ಎಂದು ಇಬ್ಬರನ್ನೂ ಕರೆತಂದಳು. ಅಂದಿನಿಂದ ಅವನನ್ನು "ಅಳಿಯಂದ್ರೆ" ಎನ್ನದೆ ಮಾತಾಡಿಸಿದವಳಲ್ಲ. ಜ್ವರ ಬಂದರೆ ತಲೆ ಹತ್ತಿರ ಕೂತು ಗಂಜಿ ಕುಡಿಸಿದಳು. ತಾನು ಅಷ್ಟು ಒಳ್ಳೆಯವನು, ಅದಕ್ಕೇ ಅತ್ತೆ ಹೀಗಿದ್ದಾಳೆ ಎಂದು ರಘು ನಂಬಿಕೊಂಡಿದ್ದ. ಎಲಾ ಇವನ!

"ಆ ಮರ ಒಂದ ಬುಟ್ಬುಡಿ ಅಳಿಯಂದ್ರೆ," ಅಂದಳು ಮಲ್ಲಿಗಮ್ಮ. "ಮರ ಬೇಕಾದ್ರೆ ನಮ್ಮನೆ ತಲಬಾಗ್ಲು ಕಿತ್ಕಳಿ, ತೇಗದ್ದು. ನಾನೇ ನಿಂತು ಕೀಳಿಸ್ಕೊಡ್ತೀನಿ."

"ಯಾಕತ್ತೆ? ನಿಮ್ಮದೂ ಒಂದು ಮೊಳೆ ಇದೆಯಾ ಅದರಲ್ಲಿ?"

ಸಾರು ಬಡಿಸುತ್ತಿದ್ದ ಸೌಟು ತಟ್ಟೆಯ ಮೇಲೆಯೇ ನಿಂತಿತು. ಮಲ್ಲಿಗಮ್ಮ ಮಗಳ ಹೊಟ್ಟೆಯನ್ನೊಮ್ಮೆ ನೋಡಿದಳು, ಅಳಿಯನ ಮುಖವನ್ನೊಮ್ಮೆ ನೋಡಿದಳು.

"ಏಳ್ಬಾರ್ದು ಅಂದ್ರೆ ಏಳ್ಬಾರ್ದು. ನಿಮ್ ಕಾಲಿಗ್ ಬೀಳ್ತೀನಿ, ಅದ ಮುಟ್ಬ್ಯಾಡಿ."

ಮನೆಯ ಬಾಗಿಲನ್ನೇ ಬಿಚ್ಚಿಕೊಡುತ್ತೇನೆ ಎನ್ನುವ ಹೆಂಗಸಿಗೆ ಏನೋ ಭಯವಿದೆ ಎಂದು ಕುರಿ ಕಾಯುವವನಿಗೂ ತಿಳಿಯುತ್ತದೆ. ರಘುವಿಗೆ ತಿಳಿದದ್ದು ಒಂದೇ: ಈ ಹಳ್ಳಿಯವರಿಗೆ ಮೂಢನಂಬಿಕೆ, ತಾನೊಬ್ಬ ಬುದ್ಧಿವಂತ. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಅದು ಇಂಥವರನ್ನು ನೋಡಿಯೇ ಹುಟ್ಟಿದ ಮಾತು.

ಭಾನುವಾರ ಬೆಳಗ್ಗೆ ಅವನು ಮೊಳೆ ಕೀಳಲು ಕೂತ. ಮೊಳೆ ಇದ್ದರೆ ಗರಗಸ ಮುರಿಯುತ್ತದೆ, ಒಂದೂ ಇರಕೂಡದು ಎಂದು ಸಾಮಿಲ್ಲಿನವನು ಮೊದಲೇ ಹೇಳಿದ್ದ. ಸುತ್ತಿಗೆಯ ಕೊಕ್ಕೆ ಸಿಕ್ಕಿಸಿ ಮೀಟಿದರೆ ಮೊಳೆ ಕಿರ್ರೆಂದು ಮೇಲೇಳುತ್ತಿತ್ತು. ಎದ್ದ ಮೇಲೆ ತೂತಿನಿಂದ ಫುಸ್ಸೆಂದು ಗಾಳಿ. ಗಾಳಿಯ ಜತೆ ಹಿಪ್ಪೆ ಹೂವಿನ ವಾಸನೆ, ಸಿಹಿಯಾಗಿ ಹುಳಿತು ತಲೆ ಸುತ್ತಿಸುವಂಥದ್ದು. ಸತ್ತು ವರ್ಷವಾದ ಮರದಿಂದ ಹೂವಿನ ವಾಸನೆ ಎಲ್ಲಿಂದ ಬರಬೇಕು? ಮೊಳೆಗಳೂ ಬೆಚ್ಚಗಿದ್ದವು. ಬಿಸಿಲಿಗೆ ಕಾದಿರಬೇಕು ಅಂದುಕೊಂಡ. ನಾಲ್ಕು ಬೆರಳು ಆಳದಲ್ಲಿ ಬಿಸಿಲು ಬೀಳುವುದಿಲ್ಲ ಎಂದು ಅವನಿಗೆ ಹೊಳೆಯಲಿಲ್ಲ.

ನಲವತ್ತೆರಡು ಕಿತ್ತ. ಎಲ್ಲವನ್ನೂ ಖಾಲಿ ಉಪ್ಪಿನಕಾಯಿ ಬಾಟಲಿಗೆ ಹಾಕಿದ. ನಲವತ್ತಮೂರನೆಯದು ನೆಲದ ಕಡೆ ಮಗ್ಗುಲಲ್ಲಿತ್ತು. ಇನ್ನೂ ಹೊಳಪು ಮಾಸದ ನಾಲ್ಕಿಂಚಿನ ಮೊಳೆ, ತಲೆಗೆ ಅರಿಸಿನದ ದಾರ ಸುತ್ತಿದೆ. ಎರಡು ಸಲ ಮೀಟಿದರೂ ಬರಲಿಲ್ಲ. ರಘುವಿಗೆ ರೇಗಿತು. ಕಾಂಡಕ್ಕೆ ಕಾಲು ಕೊಟ್ಟು, ಹಲ್ಲು ಕಚ್ಚಿ ಎಳೆದ. ಬಂತು. ಬರುವಾಗ ಅಂಗೈಯನ್ನು ಕೆಂಡ ಮುಟ್ಟಿದಂತೆ ಸುಟ್ಟಿತು. ಬೈದುಕೊಂಡು ಅದನ್ನೂ ಬಾಟಲಿಗೆ ಹಾಕಿ ಮನೆಗೆ ನಡೆದ.

ಮಲ್ಲಿಗಮ್ಮ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಅವನ ಹೆಜ್ಜೆ ಸದ್ದಿಗೆ ಕೋಲು ಎತ್ತಿ ಹಿಡಿದುಕೊಂಡೇ ಎದ್ದು ನಿಂತಳು. ಬಿಸಿ ಹಿಟ್ಟು ಕೋಲಿನಿಂದ ಅವಳ ಪಾದದ ಮೇಲೆ ಬಿತ್ತು. ಅವಳಿಗೆ ಅದರ ಗಮನವೇ ಇಲ್ಲ.

"ಎಲ್ಲಿಗ್ಲಾ ಓಗಿದ್ದೆ?"

"ಅಮ್ಮಾ! ಏನಮ್ಮ ಇದು, ಇವ್ರನ್ನ ಹಿಂಗ್ ಮಾತಾಡುಸ್ತೀಯ?" ಎಂದಳು ನಯನ. ಮಲ್ಲಿಗಮ್ಮ ಎರಡೂ ಕೈಯಿಂದ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು. ಕೋಲು ನೆಲಕ್ಕೆ ಬಿತ್ತು. ಕಣ್ಣಲ್ಲಿ ನೀರು ಬಂತು, ಆದರೆ ಆ ಕಣ್ಣು ಅಳಿಯನ ಮುಖವನ್ನು ಬಿಡಲಿಲ್ಲ.

ಮಾರನೇ ದಿನದಿಂದ ಊರಲ್ಲಿ ಶುರುವಾಯಿತು. ಒಂದೇ ಪಂಪ್‌ಸೆಟ್ಟಿನಲ್ಲಿ ಹದಿನೈದು ವರ್ಷ ನೀರು ಹಂಚಿಕೊಂಡು ಬಂದಿದ್ದ ಶಿವು ಮತ್ತು ಜಯಪ್ರಕಾಶ್ ಬದುವಿನ ಮೇಲೆ ಮಚ್ಚು ಹಿಡಿದು ನಿಂತರು. ಜಯಪ್ರಕಾಶನ ಎರಡು ಬೆರಳು ಕೆಸರಿಗೆ ಬಿದ್ದವು. ಎಂಬತ್ತು ವರ್ಷದ ಚಿಕ್ಕಬೋರಮ್ಮ ಹಾರೆ ಹಿಡಿದು ಹೊಲಕ್ಕೆ ಹೋಗಿ, ಐವತ್ತು ವರ್ಷದ ಹಿಂದೆ ಸತ್ತ ತನ್ನ ಅತ್ತೆಯನ್ನು ಹೂತ ಗುಂಡಿಯನ್ನು ಅಗೆಯತೊಡಗಿದಳು. ಹಿಡಿದು ಎಳೆತಂದರೆ, "ಮೂಳೆ ಆದ್ರೂ ಮುರೀತೀನಿ, ಬುಡ್ರೋ" ಎಂದು ಕಿರುಚುತ್ತಿದ್ದಳು. ಏನಾಗಿದೆ ಈ ಊರಿಗೆ ಎಂದು ಜನ ಬೀದಿಯಲ್ಲಿ ನಿಂತು ಕೇಳಿಕೊಂಡರು. ಹುಚ್ಚೀರಯ್ಯನೊಬ್ಬನಿಗೆ ಗೊತ್ತಿತ್ತು. ಅವನು ಮಲ್ಲಿಗಮ್ಮನ ಮನೆಯ ಮುಂದೆ ಬಂದು ನಿಂತು, ಒಳಗಿನ ಉಳಿಯ ಸದ್ದು ಕೇಳಿ, ನೆಲಕ್ಕೆ ಉಗಿದು ಹೋದ.

ಒಳಗೆ ರಘು ಲೋಕ ಮರೆತಿದ್ದ. ಸಾಮಿಲ್ಲಿನಲ್ಲಿ ಸೀಳಿಸಿದ ಮರ ಒಳಗೆ ಒಣ ರಕ್ತದ ಬಣ್ಣಕ್ಕಿತ್ತು. ಎಂಥ ಮರ ಗೊತ್ತಾ ಇದು ಎಂದು ಸ್ಟುಡಿಯೋದಲ್ಲಿ ಎಲ್ಲರಿಗೂ ಮೊಬೈಲಿನಲ್ಲಿ ತೋರಿಸಿದ. ಕ್ಯಾಮೆರಾ ಹಗುರವಾಗಿರಬೇಕು ಎಂದು ಹಲಗೆಗಳನ್ನು ಕೀಸುಳಿ ಹಾಕಿ ಹೆರೆದು ಹೆರೆದು ಅರ್ಧ ಇಂಚಿಗೆ ಇಳಿಸಿದ. ಉಳಿದ ದಿಮ್ಮಿಯನ್ನೆಲ್ಲ ಆಲೆಮನೆಯ ಒಲೆಗೆ ಹಾಕಿಸಿದ. ಹಾಕಿದವರಿಗೆ ಅದು ಯಾವ ಮರವೆಂದು ಹೇಳಲೂ ಇಲ್ಲ. ಛತ್ರಿ ಬಟ್ಟೆಗೆ ಕಪ್ಪು ಕಾಗದ ಅಂಟಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಕಮ್ಮಾರನ ತಿದಿಯಂತೆ ಹಿಗ್ಗಿ ಕುಗ್ಗುವ ಕ್ಯಾಮೆರಾದ ಹೊಟ್ಟೆ ಮಾಡಿದ. ಮುಚ್ಚಿಹೋದ ಸ್ಟುಡಿಯೋ ಒಂದರಿಂದ ಹಳೆಯ ಹಿತ್ತಾಳೆ ಲೆನ್ಸು ತಂದ. ಎರಡು ಗಾಜಿನ ನಡುವೆ ಸಾಣೆ ಪುಡಿ, ನೀರು ಹಾಕಿ, ಒಂದರ ಮೇಲೊಂದನ್ನು ದಿನಗಟ್ಟಲೆ ಉಜ್ಜಿ ಮಸುಕು ಗಾಜು ಮಾಡಿದ. ಲೆನ್ಸಿನ ಮುಂದಿರುವುದೆಲ್ಲ ಹಿಂಬದಿಯ ಆ ಗಾಜಿನ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಫಿಲ್ಮಿಗೆ ಎಕ್ಸ್‌ರೇ ಹಾಳೆ.

ಗಾಜು ಉಜ್ಜುವ ಸದ್ದಿಗೆ ಮಲ್ಲಿಗಮ್ಮ ಹಿತ್ತಲಲ್ಲಿ ಕೂತು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಒಂದು ದಿನ ನಯನ ತರಕಾರಿ ಹೆಚ್ಚಲು ಹೋದರೆ ಅಡುಗೆಮನೆಯಲ್ಲಿ ಈಳಿಗೆಮಣೆ ಇಲ್ಲ. ಕುಡುಗೋಲಿಲ್ಲ, ಮಚ್ಚಿಲ್ಲ, ತೆಂಗಿನಕಾಯಿ ಸುಲಿಯುವ ಕಬ್ಬಿಣವೂ ಇಲ್ಲ. ಎಲ್ಲವನ್ನೂ ಮಲ್ಲಿಗಮ್ಮ ಪಕ್ಕದ ಮನೆಗೆ ಸಾಗಿಸಿದ್ದಳು.

"ಯಾಕಮ್ಮ?"

"ಮನೇಲಿರಾದ್ ಬ್ಯಾಡ. ನನ್ ಕೈಗ್ ಸಿಗಾದ್ ಬ್ಯಾಡ. ನಯ್ನಾ, ಅವ್ನ ಕರ್ಕಂಡು ಮೈಸೂರಿಗ್ ಓಗ್ಬುಡವ್ವ. ಇವತ್ತೇ ಓಗ್ಬುಡು."

ಇದು ರಘುವಿನ ಕಿವಿಗೂ ಬಿತ್ತು. ಉಳಿ ಎಸೆದು ಎದ್ದು ಬಂದ. "ಮನೆ ಅಳಿಯ ಭಾರ ಆದ್ನಾ? ಮೂರು ವರ್ಷ ನಾಟಕ ಆಡಿದ್ರಾ ಹಾಗಾದ್ರೆ? ಸೀಮಂತ ಆಗ್ಲಿ, ನನ್ನ ಕ್ಯಾಮೆರಾದಲ್ಲಿ ಫೋಟೊ ತೆಗೀತೀನಿ, ಆಮೇಲೆ ನಾನೇ ಹೋಗ್ತೀನಿ. ಅಲ್ಲಿವರೆಗೂ ಈ ಜಾಗ ಬಿಟ್ಟು ಕದಲಲ್ಲ!"

ಮಲ್ಲಿಗಮ್ಮ ಸೆರಗಿನ ತುದಿಯಿಂದ ತನ್ನ ಬಲಗೈ ಮಣಿಕಟ್ಟನ್ನು ಕಂಬಕ್ಕೆ ಸುತ್ತಿ ಗಂಟು ಹಾಕಿಕೊಂಡಳು. ಅವಳು ಹಾಗೆ ಸಂಜೆಯವರೆಗೂ ಕೂತಿದ್ದಳು.

ಕ್ಯಾಮೆರಾ ನಿಂತದ್ದು ಸೀಮಂತಕ್ಕೆ ಎರಡು ದಿನ ಮುಂಚೆ. ಕಾಲುಗಳ ಮೇಲೆ ಕೂರಿಸಿ, ಲೆನ್ಸನ್ನು ಅಂಗಳದ ಕಡೆ ತಿರುಗಿಸಿ, ಕಪ್ಪು ಬಟ್ಟೆಯೊಳಗೆ ರಘು ತಲೆ ತೂರಿಸಿದ. ಮಟಮಟ ಮಧ್ಯಾಹ್ನ, ಆದರೆ ಬಟ್ಟೆಯೊಳಗೆ ಬಾವಿಯ ಕತ್ತಲು. ಅಲ್ಲಿ ಗಾಜಿನ ಮೇಲೆ ಅಂಗಳ ಬೆಳಗಿತು. ಕೊಟ್ಟಿಗೆ ತಲೆಕೆಳಗು. ಹಸು ತಲೆಕೆಳಗು. ನಲ್ಲಿ, ತಂತಿಯ ಮೇಲಿನ ಬಟ್ಟೆ, ತೆಂಗಿನ ಮರ, ಎಲ್ಲ ತಲೆಕೆಳಗು. ಸಂತೋಷಕ್ಕೆ ಅವನು ಬಟ್ಟೆಯೊಳಗೇ ಒಬ್ಬನೇ ನಕ್ಕ.

ಆಮೇಲೆ ಕಂಡಿತು. ಕೊಟ್ಟಿಗೆಯ ಪಕ್ಕ ಒಬ್ಬ ಹೆಂಗಸು. ತಲೆ ಮೇಲೆ, ಕಾಲು ಕೆಳಗೆ. ನೆಟ್ಟಗೆ ನಿಂತಿದ್ದಾಳೆ.

ಬಟ್ಟೆ ಸರಿಸಿ ನೋಡಿದ. ಕೊಟ್ಟಿಗೆಯ ಪಕ್ಕ ಮಲ್ಲಿಗಮ್ಮ ಸಗಣಿ ಬಾಚುತ್ತಿದ್ದಳು. ಮತ್ತೆ ಒಳಗೆ ನೋಡಿದ. ಹಸು ತಲೆಕೆಳಗು, ಅವಳು ನೆಟ್ಟಗೆ. ಬಾಚುತ್ತಿರಲಿಲ್ಲ. ಇವನನ್ನೇ ನೋಡುತ್ತಿದ್ದಳು. ಲೆನ್ಸಿನ ಲೆಕ್ಕಕ್ಕೆ ಇದು ಬಗ್ಗುವ ಮಾತಲ್ಲ. ಬೆಳಕು ಒಬ್ಬರಿಗೊಂದು, ಇನ್ನೊಬ್ಬರಿಗೊಂದು ನ್ಯಾಯ ಮಾಡುವುದಿಲ್ಲ. ಅಷ್ಟು ಗೊತ್ತಿದ್ದವನು ಅಲ್ಲಿಗೇ ಕೈ ಬಿಡಬೇಕಿತ್ತು. ಅವನಿಗೆ ಹೆದರಿಕೆಗಿಂತ ಮೊದಲು ಕೋಪ ಬಂತು. ಹಾಳು ಲೆನ್ಸು, ಹಾಳು ಗಾಜು ಎಂದು ಬೈದು, ಗಾಜನ್ನು ಬಿಚ್ಚಿ ಇನ್ನೊಂದು ದಿನ ಪೂರ್ತಿ ಉಜ್ಜಿದ.

ಸೀಮಂತದ ದಿನ ಬಂತು. ಅಂಗಳಕ್ಕೆ ಚಪ್ಪರ, ಬಾಗಿಲಿಗೆ ಮಾವಿನೆಲೆ. ಮಲ್ಲಿಗಮ್ಮನ ತಂಗಿ ವನಜಾ ಹನಕೆರೆಯಿಂದ ಬಂದು ಆರತಿ ಎತ್ತಿದಳು. ಹಸಿರು ಸೀರೆ, ಕೈ ತುಂಬ ಹಸಿರು ಬಳೆ, ಮಡಿಲು ತುಂಬಿಸಿಕೊಂಡು ನಯನ ಕುರ್ಚಿಯಲ್ಲಿ ಕೂತಳು. ರಘು ಕ್ಯಾಮೆರಾ ತಂದು ನಿಲ್ಲಿಸಿದ. ಜನ ಬೆರಗಾಗಿ ಸುತ್ತ ನಿಂತರು.

"ಅಮ್ಮ ಎಲ್ಲಿ? ಅಮ್ಮ ಇಲ್ದೆ ನಂಗೆ ಫೋಟೊ ಬೇಡ" ಅಂದಳು ನಯನ.

ಹಿತ್ತಲಿನಿಂದ ಕರೆತಂದರು. ಮಲ್ಲಿಗಮ್ಮ ಬಾಗಿಲಲ್ಲೇ ನಿಂತಳು. "ಬ್ಯಾಡ ಕಣವ್ವ. ಅದ್ರ ಮುಂದೆ ನಾನ್ ನಿಂತ್ಕಬಾರ್ದು."

"ಅಪ್ಪನೂ ಇಲ್ಲ. ನೀನೂ ನಿಲ್ದೆ ಹೋದ್ರೆ ಇನ್ಯಾರಮ್ಮ ನಿಲ್ತಾರೆ?"

ಮಗಳ ಕಣ್ಣೀರಿಗೆ ಯಾವ ತಾಯಿ ತಡೆದಾಳು? ಮಲ್ಲಿಗಮ್ಮ ಬಂದಳು. ಕುರ್ಚಿಯ ಹಿಂದೆ ನಿಂತು, ಎರಡೂ ಕೈಯನ್ನು ಮಗಳ ಹೆಗಲ ಮೇಲೆ ಒತ್ತಿ ಇಟ್ಟುಕೊಂಡು ಕಣ್ಣು ಮುಚ್ಚಿದಳು.

ರಘು ಬಟ್ಟೆಯೊಳಗೆ ಹೋದ.

ಕತ್ತಲು. ಹಿಪ್ಪೆ ಹೂವಿನ ಹುಳಿ ವಾಸನೆ ಮೂಗಿಗೆ ಅಡರಿತು. ಅದರ ಹಿಂದೆಯೇ ಅರಿಸಿನ, ಕಾದ ಕಬ್ಬಿಣ. ಹೊರಗಿನ ಮಾತು, ನಗು, ಬಳೆಯ ಸದ್ದು ಎಲ್ಲ ದೂರವಾಯಿತು. ಗಾಜಿನ ಮೇಲೆ ಚಪ್ಪರ ಕೆಳಗೆ, ನೆಲ ಮೇಲೆ. ನಯನ ತಲೆಕೆಳಗಾಗಿ ನಗುತ್ತಿದ್ದಳು. ಅವಳ ಹಿಂದೆ ಮಲ್ಲಿಗಮ್ಮ. ನೆಟ್ಟಗೆ. ಕೆಳಗಿದ್ದ ಆಕಾಶಕ್ಕೆ ಕಾಲೂರಿ ನಿಂತಿದ್ದಳು. ಕಣ್ಣು ತೆರೆದಿದ್ದವು.

ಬಟ್ಟೆಯ ಅಂಚು ಎತ್ತಿ ಹೊರಗೆ ಇಣುಕಿದ. ಮಲ್ಲಿಗಮ್ಮ ಕುರ್ಚಿಯ ಹಿಂದೆಯೇ ಇದ್ದಳು. ಕಣ್ಣು ಮುಚ್ಚಿತ್ತು.

ಮತ್ತೆ ಒಳಗೆ. ಈಗ ಅವಳು ಕುರ್ಚಿಯ ಹಿಂದೆ ಇರಲಿಲ್ಲ. ಕುರ್ಚಿಯ ಮುಂದೆ ಇದ್ದಳು.

ಗಾಜಿನ ದೋಷ, ಎಂದ ತನಗೆ ತಾನೇ. ಯಾವ ಜಾಗದಲ್ಲಿದೆ ನೋಡೇಬಿಡುತ್ತೇನೆ. ಜೇಬಿನಿಂದ ಭೂತಗನ್ನಡಿ ತೆಗೆದ. ಗಾಜಿಗೆ ಒತ್ತಿದ. ಬಲಗಣ್ಣು ಅದಕ್ಕೆ ಇಟ್ಟ.

ಒಂದು ಹೆಜ್ಜೆ. ಅವಳ ಮುಖ ದೊಡ್ಡದಾಯಿತು. ಇನ್ನೊಂದು ಹೆಜ್ಜೆ. ಗಾಜಿನ ತುಂಬ ಮುಖ. ಮೂರು ವರ್ಷ ಗಂಜಿ ಕುಡಿಸಿದ ಮುಖವಲ್ಲ ಅದು. ಗಂಡನ ಹೆಣದ ಮುಂದೆ ಕೂತ ಹೆಂಗಸಿನ ಮುಖ. ತುಟಿ ಆಡುತ್ತಿದೆ. ಏನೋ ಹೆಸರು. ಮತ್ತೆ ಮತ್ತೆ ಅದೇ ಹೆಸರು. ಬಲಗೈ ಮೇಲೆದ್ದಿತು. ಓಡಬೇಕು. ಕಾಲು ಬರಲಿಲ್ಲ. ಕೂಗಬೇಕು. ನಾಲಿಗೆ ಹೊರಳಲಿಲ್ಲ. ಹೆಸರು ಕೇಳಿಸಿತು.

ರಘುನಂದನ್.

ಟಕ್.

ಹೊರಗಿದ್ದವರು ಕಂಡದ್ದು ಇಷ್ಟು. ಮಲ್ಲಿಗಮ್ಮ ನಿಂತ ಜಾಗದಿಂದ ಕದಲಲಿಲ್ಲ. ಅವಳ ಬಲಗೈ ಮಾತ್ರ ಮಗಳ ಹೆಗಲು ಬಿಟ್ಟು ಎದ್ದಿತು, ಗಾಳಿಯಲ್ಲಿ ಒಮ್ಮೆ ಬಡಿಯಿತು. ಗಾಜು ಒಡೆದ ಸದ್ದು. ಕಪ್ಪು ಬಟ್ಟೆ ಹೊದ್ದುಕೊಂಡೇ ರಘು ಹಿಂದಕ್ಕೆ ಬಿದ್ದ. ಬಟ್ಟೆ ಸರಿಸಿದರೆ ಅವನ ಬಲಗಣ್ಣಿದ್ದ ಜಾಗದಿಂದ ರಕ್ತ ಹರಿಯುತ್ತಿತ್ತು.

"ಅಯ್ಯೋ ನನ್ ಮಗ್ನೆ! ನಾನೇ ತಿಂದ್ಬುಟ್ನಲ್ಲಪ್ಪೋ ನಿನ್ನ!" ಮೊದಲು ಓಡಿಬಂದು ಅವನ ತಲೆಯನ್ನು ಮಡಿಲಿಗೆ ಹಾಕಿಕೊಂಡವಳು ಮಲ್ಲಿಗಮ್ಮನೇ.

ಮಂಡ್ಯದಲ್ಲಿ ಡಾಕ್ಟರು ಕಣ್ಣು ತೆಗೆದರು. ಗಾಜಿನ ಚೂರು ಹೊಕ್ಕಿದೆ ಎಂದರು. ಆದರೆ ಒಡೆದ ಗಾಜಿನಲ್ಲಿ, ಕ್ಯಾಮೆರಾದ ಒಳಗಿನಿಂದ ಹೊರಕ್ಕೆ, ನಾಲ್ಕಿಂಚಿನ ಮೊಳೆಯೊಂದು ಅರ್ಧ ತೂರಿ ನಿಂತಿತ್ತು. ತಲೆಗೆ ಅರಿಸಿನದ ದಾರ. ಅಟ್ಟದ ಮೇಲಿದ್ದ ಬಾಟಲಿ ಇಳಿಸಿ ಎಣಿಸಿದರು. ಮುಚ್ಚಳ ಬಿಗಿಯಾಗಿಯೇ ಇತ್ತು. ನಲವತ್ತೆರಡು ಮೊಳೆ.

ಆಸ್ಪತ್ರೆಯಿಂದ ಬಂದ ದಿನ ರಘು ಒಂದೇ ಕಣ್ಣಿನಲ್ಲಿ ನೋಡಿದ. ಅಂಗಳದಲ್ಲಿ ಮಲ್ಲಿಗಮ್ಮ ಕ್ಯಾಮೆರಾದ ಮುಂದೆ ಕೂತಿದ್ದಳು. ಕೈಯಲ್ಲಿ ಸುತ್ತಿಗೆ, ಆ ಮೊಳೆ. ಪಕ್ಕದಲ್ಲಿ ಹುಚ್ಚೀರಯ್ಯ. ಅವಳು ಹಲಗೆಯ ಮೇಲೆ ಮೊಳೆಯಿಟ್ಟು ಹೊಡೆದಳು. ಮೊಳೆ ಅರ್ಧ ಇಂಚು ದಾಟಿ ಆಚೆ ಕಡೆ ತುದಿ ಹೊರಬಂತು. ಕಿತ್ತಳು. ಇನ್ನೊಂದು ಕಡೆ ಹೊಡೆದಳು. ಆಚೆ ಬಂತು. ಎಲ್ಲಿ ಹೊಡೆದರೂ ಆಚೆ ಬಂತು.

"ನಿಲ್ಲಾಕಿಲ್ಲ ಕಣ್ ಮಲ್ಲಿ," ಅಂದ ಹುಚ್ಚೀರಯ್ಯ. "ನುಂಗಾಕೆ ಮರ ಎಲ್ಲದೆ? ಹಪ್ಪಳ ಮಾಡ್ಬುಟ್ಟವ್ನೆ."

"ಬೇರೆ ಮರಕ್ಕೆ ಹೊಡೀಬಹುದಲ್ಲ ತಾತ?" ಎಂದ ರಘು.

ಹುಚ್ಚೀರಯ್ಯ ಉರಿದು ಬಿದ್ದ. "ಬ್ಯಾರೆ ಮರಕ್ ಒಡುದ್ರೆ ಕ್ಯಾಲೆಂಡ್ರು ನೇತಾಕ್ಕಬೋದು! ಸಿಟ್ಟಿನ ಗುರ್ತು ಇದ್ದುದ್ದು ಆ ಮರ ಒಂದ್ಕೆ. ಹೊನ್ನಯ್ಯನ ತಿಥಿ ದಿನ ನಿನ್ ಎಸ್ರು ಏಳಿ ಇವ್ಳು ಮೊಳೆ ಒಡ್ದಾಗ ಏರಿ ಮೇಲ್ ನಿಂತ್ಕಂಡು ನಾನೇ ಕಂಡಿದ್ದೆ. ಅದ್ಕೇ ಕಣಯ್ಯ ಮೂರ್ ವರ್ಸ ನೀನ್ ಬದ್ಕಿದ್ದುದ್ದು. ನಿನ್ ಮುಖ ನೋಡ್ಕಂಡಲ್ಲ!"

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಆ ಕೋಪವನ್ನೇ ಕಾಂಡದೊಳಗೆ ಬಚ್ಚಿಟ್ಟು, ಬಾಯಿ ಬಿಡದೆ ಅವನಿಗೆ ಮುದ್ದೆ ಬಡಿಸಿದ್ದಳು ಆ ತಾಯಿ. ಇವನು ಸುತ್ತಿಗೆ ಹಾಕಿ ಮೀಟಿ ತೆಗೆದ. ಏನೆಂದು ಬೈಯುವುದು ಇಂಥವನನ್ನು?

ಮಲ್ಲಿಗಮ್ಮ ಅಂದೇ ಗಂಟು ಕಟ್ಟಿದಳು. ಹನಕೆರೆಯಲ್ಲಿ ತಂಗಿ ವನಜಾಳ ಮನೆ. ನಯನ ತುಂಬಿದ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಅಡ್ಡ ನಿಂತಳು. "ಹೆರಿಗೆಗೆ ನೀನಿಲ್ದೆ ಹೆಂಗಮ್ಮ?"

"ನಾನಿದ್ರೆ ಇನ್ನೊಂದ್ ಕಣ್ಣೂ ಓಯ್ತದೆ ಕಣವ್ವ. ಆಮೇಲೆ ಪ್ರಾಣ. ಈಗ್ಲೂ ಕೈ ನನ್ ಮಾತ್ ಕೇಳ್ತಿಲ್ಲ, ನೋಡು." ಅವಳ ಬಲಗೈ ಸೆರಗಿನೊಳಗೆ ಗಂಟು ಬಿದ್ದು, ಬಿಡಿಸಿಕೊಳ್ಳಲು ಹೆಣಗುತ್ತಿತ್ತು. ಅಳಿಯನ ಕಡೆ ಅವಳು ಮುಖ ತಿರುಗಿಸಲಿಲ್ಲ. "ಮಗೀನ ತೋರ್ಸಾಕೆ ಅಂತ್ಲೂ ಬರ್ಬ್ಯಾಡಿ" ಅಂದು ಬಸ್ಸು ಹತ್ತಿದಳು.

ಹೆರಿಗೆಯಾಯಿತು. ಹೆಣ್ಣು ಮಗು. ನಯನ ಆ ನೋವಿನಲ್ಲಿ ಹದಿನಾಲ್ಕು ಗಂಟೆ ಅಮ್ಮನನ್ನೇ ಕೂಗಿದಳು. ಮನೆಗೆ ಬಂದ ಮೇಲೆ ಬಾಣಂತಿಗೆ ಎಣ್ಣೆ ತಿಕ್ಕಲು ಯಾರೋ ಬಂದರು, ಖಾರ ಅರೆಯಲು ಯಾರೋ ಬಂದರು. ಅವಳು ಅಳಲಿಲ್ಲ, ಬೈಯಲಿಲ್ಲ. "ಊಟಕ್ಕೆ ಬನ್ನಿ" ಎನ್ನುತ್ತಿದ್ದಳು, ಬಡಿಸುತ್ತಿದ್ದಳು. ಬೈದಿದ್ದರೆ ರಘುವಿಗೆ ನೆಮ್ಮದಿಯಾಗುತ್ತಿತ್ತು. ತಟ್ಟೆ ಇಡುವಾಗ ಆಗುವ ಸದ್ದಿಗೆ ಅವನು ಬೆಚ್ಚಿಬೀಳುತ್ತಿದ್ದ.

ಮೂರು ತಿಂಗಳು ತಡೆದುಕೊಂಡ. ಒಂದು ಮಧ್ಯಾಹ್ನ ಅಟ್ಟದಿಂದ ಕ್ಯಾಮೆರಾ ಇಳಿಸಿ ಹೊಸ ಗಾಜು ಕೂರಿಸಿದ. ನಯನ ಜಗಲಿಯ ಮೇಲೆ ಮಗುವನ್ನು ತೊಡೆಯಲ್ಲಿ ಮಲಗಿಸಿಕೊಂಡು ಕೂತಿದ್ದಳು. ಸುಮ್ಮನೆ ನೋಡುತ್ತೇನೆ, ಅಷ್ಟೆ, ಎಂದುಕೊಂಡು ಬಟ್ಟೆಯೊಳಗೆ ಹೋದ. ಉಳಿದೊಂದು ಕಣ್ಣನ್ನು ಗಾಜಿನಿಂದ ದೂರವೇ ಇಟ್ಟ.

ಹಿಪ್ಪೆ ಹೂವಿನ ವಾಸನೆ ಬಂತು. ಜಗಲಿ ತಲೆಕೆಳಗು. ಕಂಬ ತಲೆಕೆಳಗು. ಮಗು ತಲೆಕೆಳಗಾಗಿ ಕೈಕಾಲು ಬಡಿಯುತ್ತಿತ್ತು. ಸದ್ಯ, ಮಗು ತಲೆಕೆಳಗು.

ನಯನ ನೆಟ್ಟಗೆ ಕೂತಿದ್ದಳು.

ಅವನು ನೋಡುತ್ತಿದ್ದಂತೆ ಎದ್ದು ನಿಂತಳು.

ಬಟ್ಟೆ ಹರಿದುಕೊಂಡು ರಘು ಹೊರಗೆ ಬಂದ. ಜಗಲಿಯ ಮೇಲೆ ನಯನ ಕೂತಲ್ಲೇ ಕೂತಿದ್ದಳು, ಮಗುವಿನ ಕೆನ್ನೆ ಒರೆಸುತ್ತಿದ್ದಳು. ಒಳಗಿನಿಂದ ಉಪ್ಪಿನಕಾಯಿ ಬಾಟಲಿ ತಂದು ಅವಳ ಕಾಲ ಬಳಿ ಕೂತ. ಅದರಿಂದ ಒಂದು ಮೊಳೆ ತೆಗೆದು ಮುಂದೆ ಹಿಡಿದ.

"ನಯನಾ, ಕೈ ಮುಗೀತೀನಿ. ನನ್ನ ಹೆಸರು ಹೇಳಿ ಒಂದು ಮೊಳೆ ಹೊಡೆದುಬಿಡು. ಒಂದೇ ಒಂದು."

ನಯನ ಮೊಳೆಯನ್ನು ತೆಗೆದುಕೊಂಡಳು. ಅದನ್ನು ನೋಡಿದಳು, ಅಂಗಳದ ಕ್ಯಾಮೆರಾವನ್ನು ನೋಡಿದಳು, ಅವನ ಮುಖದಲ್ಲಿ ಉಳಿದಿದ್ದ ಒಂದು ಕಣ್ಣನ್ನು ನೋಡಿದಳು.

"ಎಲ್ಲಿಗ್ಲಾ ಒಡೀಲಿ?" ಅಂದಳು. "ಮರ ಎಲ್ಲದೆ?"